ಎಸ್‌ಟಿಪಿಯಲ್ಲಿ ಕೆಸರು ಕೂರುತ್ತಿಲ್ಲವೇ? ಮೊದಲು ಸಮುದ್ರದ ಉಬ್ಬರ ನೋಡಿ

ಎಸ್‌ಟಿಪಿ ಎಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ. ಅಲ್ಲಿಯ ಕೆಸರು ಎಂದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಗಳ ಉಂಡೆಗಳು. ಲಕ್ಷಣ ಇಷ್ಟು. ಮೊನ್ನೆಯವರೆಗೆ ತಿಳಿಯಾಗಿದ್ದ, ಕೆಸರನ್ನು ತಳಕ್ಕೆ ಕೂರಿಸುವ ಟ್ಯಾಂಕಾದ ಸೆಕೆಂಡರಿ ಕ್ಲಾರಿಫೈಯರ್‌ನ ನೀರು ಈಗ ಅಕ್ಕಿ ತೊಳೆದ ನೀರಿನ ಹಾಗೆ ಕದಡಿದೆ. ನೀರು ತುಂಬಿ ಹೊರಹರಿಯುವ ಅಂಚಾದ ವಿಯರ್‌ನ ಹಲ್ಲುಗಳ ನಡುವಿಂದ ಕೆಸರಿನ ಸಣ್ಣ ಚೂರುಗಳು ಜಾರಿ ಹೋಗುತ್ತಿವೆ. ಗಾಳಿ ಊದುವ ಬ್ಲೋವರ್ ಓಡುತ್ತಿದೆ, ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದೆ, ಕೆಸರು ಹಿಂದಕ್ಕೆ ಕಳಿಸುವ ಆರ್‌ಎಎಸ್ ಪಂಪಿಗೂ ಏನೂ ಆಗಿಲ್ಲ. ಯಂತ್ರಗಳೆಲ್ಲ ಸರಿಯಿದ್ದೂ ಹೊರಹೋಗುವ ನೀರು ಕೆಟ್ಟಿದೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೈ ಹೋಗುವುದು ಇನ್ನೊಂದು ಬ್ಲೋವರ್ ಚಾಲು ಮಾಡಲಿಕ್ಕೆ, ಇಲ್ಲವೇ ಕೆಸರು ಹೊರಹಾಕುವ ವಾಲ್ವ್ ತೆರೆಯಲಿಕ್ಕೆ. ಕೆಲವರು ಆರ್‌ಎಎಸ್ ಸಂಪ್‌ಗೆ ಬ್ಲೀಚಿಂಗ್ ಪುಡಿಯನ್ನೂ ಸುರಿಯುತ್ತಾರೆ. ಕಾರಣ ಗೊತ್ತಿಲ್ಲದೆ ಈ ಮೂರರಲ್ಲಿ ಯಾವುದನ್ನೂ ಮಾಡಬೇಡಿ. ಮಂಗಳೂರು, ಉಡುಪಿಯಂಥ ಊರುಗಳಲ್ಲಿ ಘಟಕದೊಳಗೆ ಕಾಣುವ ದೋಷದ ಬುಡ ಬಹಳ ಸಲ ಘಟಕದಿಂದ ನಾಲ್ಕಾರು ಕಿಲೋಮೀಟರ್ ಆಚೆ, ಹೊಳೆ ಬದಿಯ ಯಾವುದೋ ತೂತಿನಲ್ಲಿ ಇರುತ್ತದೆ.

ಇದಕ್ಕೆ ನೆಲದ ಏರಿಳಿತವೇ ಕಾರಣ. ಮಂಗಳೂರು ಗುಡ್ಡ–ತಗ್ಗುಗಳ ಊರು. ಕಾವೂರು, ಸುರತ್ಕಲ್, ಪಚ್ಚನಾಡಿ, ಬಜಾಲ್‌ಗಳಲ್ಲಿರುವ ಶುದ್ಧೀಕರಣ ಘಟಕಗಳಿಗೆ ಎಲ್ಲ ಕಡೆಯ ಕೊಳಚೆ ತಾನಾಗಿ ಹರಿದು ಬರುವುದಿಲ್ಲ. ಅದು ಮೊದಲು ತಗ್ಗಿನಲ್ಲಿರುವ ಸಂಗ್ರಹ ಬಾವಿ, ಅಂದರೆ ವೆಟ್‌ವೆಲ್‌ಗೆ ಇಳಿಯಬೇಕು, ಅಲ್ಲಿಂದ ಪಂಪಿನಲ್ಲಿ ಮೇಲೇರಬೇಕು. ಆ ತಗ್ಗು ಎಂದರೆ ನೇತ್ರಾವತಿ, ಫಲ್ಗುಣಿ ಹೊಳೆಗಳ ದಡ, ಅಳಿವೆ ಬಾಗಿಲಿನ ಹಿನ್ನೀರು, ಇಲ್ಲವೇ ಹೊಳೆ ಸೇರುವ ತೋಡು. ನಿಟ್ಟೂರಿನಲ್ಲಿ ಘಟಕವಿರುವ ಉಡುಪಿಯಲ್ಲೂ ಪಡುವಣ ದಿಕ್ಕಿಗೆ ಹೋದಂತೆ ನೆಲ ಸಮುದ್ರಮಟ್ಟಕ್ಕೆ ಹತ್ತಿರವಾಗುತ್ತದೆ. ಹೊಳೆಯ ನೀರಿನ ಮಟ್ಟಕ್ಕಿಂತ ಕೆಳಗೆ ಪೈಪು ಹೂತಿರುವಲ್ಲಿ ಎಲ್ಲೇ ಬಿರುಕಿದ್ದರೂ ಹೊರಗಿನ ನೀರು ಒಳಗೆ ನುಗ್ಗುತ್ತದೆ.

ಜನವರಿಯಿಂದ ಮೇ ವರೆಗೆ ಹೊಳೆಯ ಹರಿವು ಇಳಿದು ಸಮುದ್ರದ ನೀರು ಅಳಿವೆಯೊಳಕ್ಕೆ ಏರಿರುತ್ತದೆ. ಆಗ ಆ ತೂತಿನಿಂದ ಬರುವುದು ಉಪ್ಪುನೀರು. ಜೂನ್ ಮಳೆ ಹಿಡಿದು ಹೊಳೆ ತುಂಬಿದ ಮೇಲೆ ಅದೇ ತೂತಿನಿಂದ ಸಿಹಿನೀರು ಬರುತ್ತದೆ, ಅದೂ ಇನ್ನಷ್ಟು ಹೆಚ್ಚು ಬರಬಹುದು. ಬೇಸಿಗೆಯಲ್ಲಿ ಕೆಸರು ಒಡೆಯುತ್ತದೆ, ಮಳೆಗಾಲದಲ್ಲಿ ಕೆಸರು ಕೊಚ್ಚಿಹೋಗುತ್ತದೆ. ಲಾಗ್‌ಬುಕ್ಕಿನಲ್ಲಿ ಎರಡು ಬೇರೆ ಬೇರೆ ದೋಷಗಳಾಗಿ ದಾಖಲಾದರೂ ಇವೆರಡರ ಮೂಲ ಒಂದೇ ಆಗಿರಬಹುದು.

ಮೊದಲ ಅರ್ಧ ಗಂಟೆ ಜಾರ್ ಮುಂದೆ

ಒಂದು ಲೀಟರಿನ ಅಳತೆ ಜಾರ್ ಸಾಕು. ಎರಡು ಲೀಟರಿನ ಅಗಲ ಬಾಯಿಯದು ಸಿಕ್ಕರೆ ಇನ್ನೂ ಒಳ್ಳೆಯದು, ಕಿರಿದಾದ ಜಾರಿನಲ್ಲಿ ಕೆಸರು ಗೋಡೆಗೆ ಅಂಟಿ ತಪ್ಪು ತೋರಿಸುತ್ತದೆ. ಏರೇಷನ್ ಟ್ಯಾಂಕಿನ ಹೊರಬಾಯಿಯಲ್ಲಿ ಮಾದರಿ ತೆಗೆದು, ಬಿಸಿಲು ತಾಗದ ಕಡೆ ಆಗಲೇ ಇಡಿ. ಕಚೇರಿಗೆ ಒಯ್ದು ಚಹಾ ಮುಗಿಸಿ ನೋಡಿದ ಜಾರ್ ಲೆಕ್ಕಕ್ಕಿಲ್ಲ. 5, 10, 30ನೇ ನಿಮಿಷಗಳಲ್ಲಿ ಕೆಸರಿನ ಮಟ್ಟ ಬರೆದುಕೊಳ್ಳಿ. 30ಕ್ಕೆ ನಿಲ್ಲಿಸದೆ ಎರಡು ಗಂಟೆ ಹಾಗೆಯೇ ಬಿಡಿ.

ಕೆಸರು ಬೇಗ ತಳ ಸೇರಿ, ಮೇಲಿನ ನೀರು ಮಾತ್ರ ಕದಡಿ ನಿಂತಿದ್ದರೆ ಕೆಸರಿನ ಉಂಡೆಗಳು ಒಡೆದಿವೆ ಎಂದರ್ಥ. ಹಠಾತ್ ಉಪ್ಪು, ಇಳಿದ ಪಿಎಚ್, ವಿಷವಸ್ತು, ಅತಿಯಾದ ಗಾಳಿ, ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಕರಾವಳಿಯಲ್ಲಿ ಮೊದಲೆರಡನ್ನು ತಳ್ಳಿಹಾಕುವವರೆಗೆ ಉಳಿದೆರಡನ್ನು ಹುಡುಕಲು ಹೋಗಬೇಡಿ.

ಮೇಲಿನ ನೀರು ಗಾಜಿನಷ್ಟು ತಿಳಿಯಾಗಿದ್ದು ಕೆಸರು 700–800 ಮಿಲಿಲೀಟರಿನಲ್ಲೇ ನಿಂತಿದ್ದರೆ ಎರಡು ಸಾಧ್ಯತೆಗಳಿವೆ: ದಾರದಂಥ ಬ್ಯಾಕ್ಟೀರಿಯ ಹೆಚ್ಚಿರಬೇಕು, ಇಲ್ಲವೇ ಟ್ಯಾಂಕಿನಲ್ಲಿ ಕೆಸರೇ ಅತಿಯಾಗಿರಬೇಕು. ಇನ್ನೊಂದು ಜಾರಿನಲ್ಲಿ ಅರ್ಧ ಕೆಸರು, ಅರ್ಧ ಕ್ಲಾರಿಫೈಯರ್‌ನಿಂದ ಹೊರಬಂದ ನೀರು ಬೆರೆಸಿ ಇಡಿ (ನಲ್ಲಿನೀರು ಬೇಡ, ಅದರ ಉಪ್ಪಿನ ಅಂಶ ಬೇರೆ). 800 ಇದ್ದದ್ದು 250ಕ್ಕೆ ಇಳಿದರೆ ಕೆಸರು ಹೆಚ್ಚಾಗಿದೆ, ಹೊರಹಾಕಿ. 400ರ ಆಸುಪಾಸಿನಲ್ಲೇ ನಿಂತರೆ ದಾರದ ಬ್ಯಾಕ್ಟೀರಿಯ. ಆರ್‌ಎಎಸ್‌ಗೆ ಕ್ಲೋರಿನ್ ಕೊಡುವ ಮಾತು ಬರುವುದು ಈ ಎರಡನೆಯ ಸ್ಥಿತಿಯಲ್ಲಿ ಮಾತ್ರ. ಸೂಕ್ಷ್ಮದರ್ಶಕದಲ್ಲಿ ದಾರಗಳನ್ನು ಕಂಡ ಮೇಲೆ, ಟ್ಯಾಂಕಿನಲ್ಲಿರುವ ಪ್ರತಿ 1,000 ಕಿಲೋ ಒಣ ಕೆಸರಿಗೆ ದಿನಕ್ಕೆ 2 ಕಿಲೋದಿಂದ ಆರಂಭಿಸಿ. ಒಡೆದ ಕೆಸರಿಗೆ ಕ್ಲೋರಿನ್ ಕೊಟ್ಟರೆ ಅದು ಇನ್ನಷ್ಟು ಒಡೆಯುತ್ತದೆ.

30 ನಿಮಿಷಕ್ಕೆ ಚೆನ್ನಾಗಿ ಕೂತ ಕೆಸರು ಗಂಟೆಯ ಮೇಲೆ ಗುಳ್ಳೆಗಳೊಡನೆ ಗಡ್ಡೆಯಾಗಿ ಎದ್ದು ಬಂದರೆ ಅದು ನೈಟ್ರೇಟ್ ಒಡೆದು ಹೊರಟ ನೈಟ್ರೋಜನ್ ಅನಿಲದ ಕೆಲಸ. ಕ್ಲಾರಿಫೈಯರ್‌ನ ತಳದಲ್ಲಿ ಕೆಸರು ಬಹಳ ಹೊತ್ತು ಉಳಿಯದಂತೆ ಆರ್‌ಎಎಸ್ ಹೆಚ್ಚಿಸಿ.

ಜಾರಿನಲ್ಲಿ ಎಲ್ಲವೂ ಚೆನ್ನಾಗಿದ್ದು ಕ್ಲಾರಿಫೈಯರ್ ಮಾತ್ರ ಕೆಸರು ಬಿಡುತ್ತಿದ್ದರೆ ತೊಂದರೆ ಜೀವಿಗಳದ್ದಲ್ಲ, ಹರಿವಿನದು. ಮಳೆಗಾಲದ ಭಾಗಕ್ಕೆ ಹೋಗಿ.

ಎಸ್‌ವಿಐ (ಕೆಸರು ಎಷ್ಟು ಬಿಗಿಯಾಗಿ ಕೂರುತ್ತದೆಂಬ ಸೂಚಿ) ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: 30 ನಿಮಿಷದ ಮಟ್ಟವನ್ನು 1,000ದಿಂದ ಗುಣಿಸಿ, ಟ್ಯಾಂಕಿನ ಒಂದು ಲೀಟರಿನಲ್ಲಿರುವ ಒಣ ಕೆಸರಿನ ತೂಕವಾದ ಎಂಎಲ್‌ಎಸ್‌ಎಸ್‌ನಿಂದ ಭಾಗಿಸುವುದು. 300 ಮಿಲಿಲೀಟರ್, 3,000 ಮಿಲಿಗ್ರಾಂ ಇದ್ದರೆ 100. 150 ದಾಟಿದರೆ ಕೆಸರು ಉಬ್ಬುತ್ತಿದೆ. ಆದರೆ ಉಪ್ಪು ಬೆರೆತ ನೀರಿನಲ್ಲಿ ಎಂಎಲ್‌ಎಸ್‌ಎಸ್ ಪರೀಕ್ಷೆಯೇ ಮೋಸ ಮಾಡಬಹುದು. ಸೋಸುಕಾಗದವನ್ನು ಡಿಸ್ಟಿಲ್ಡ್ ನೀರಿನಿಂದ ಮೂರು ಸಲ ತೊಳೆಯದೆ ಒಣಗಿಸಿದರೆ ಅಂಟಿದ ಉಪ್ಪೂ ತೂಕಕ್ಕೆ ಸೇರುತ್ತದೆ. ಹೊರನೀರಿನಲ್ಲಿ ಉಳಿದ ಕಣಗಳ ತೂಕ ನೋಡುವ ಟಿಎಸ್‌ಎಸ್ ಪರೀಕ್ಷೆಯಲ್ಲಿ ಈ ತಪ್ಪು ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಹುಡುಕುತ್ತಿರುವುದೇ ಹತ್ತಿಪ್ಪತ್ತು ಮಿಲಿಗ್ರಾಂ.

ಸೂಕ್ಷ್ಮದರ್ಶಕ ಇದ್ದರೆ ಒಂದು ತೊಟ್ಟು ಕೆಸರು ನೋಡಿ. ಆರೋಗ್ಯವಂತ ಕೆಸರಿನಲ್ಲಿ ಸಣ್ಣ ದಂಟಿನ ಮೇಲೆ ಗಂಟೆಯಾಕಾರದಲ್ಲಿ ನಿಂತು ಬಾಯಿ ಆಡಿಸುವ ವೋರ್ಟಿಸೆಲ್ಲಾ ಜೀವಿಗಳು ಕಾಣುತ್ತವೆ. ಉಪ್ಪಿನ ಹೊಡೆತ ಬಿದ್ದ ಮರುದಿನ ಅವು ಬಾಯಿ ಮುಚ್ಚಿಕೊಂಡಿರುತ್ತವೆ ಅಥವಾ ಇರುವುದೇ ಇಲ್ಲ. ಅವುಗಳ ಜಾಗದಲ್ಲಿ ಚುರುಕಾಗಿ ಓಡಾಡುವ ಸಣ್ಣ ಬಾಲದ ಜೀವಿಗಳು ತುಂಬಿರುತ್ತವೆ.

ಗಡಿಯಾರವೋ, ಚಂದ್ರನೋ

ಉಪ್ಪಿನ ಸಂಶಯ ಬಂದರೆ ಒಳಬರುವ ಕೊಳಚೆಯ ಕಂಡಕ್ಟಿವಿಟಿಯನ್ನು (ವಿದ್ಯುತ್ ಹರಿಸುವ ಗುಣ, ಉಪ್ಪು ಹೆಚ್ಚಿದಷ್ಟೂ ಏರುತ್ತದೆ) ಅರ್ಧ ಗಂಟೆಗೊಮ್ಮೆ, 25 ಗಂಟೆ ಬಿಡದೆ ಅಳೆಯಿರಿ. ದಿನಕ್ಕೊಂದೇ ಬಾರಿ, ಬೆಳಿಗ್ಗೆ ಹತ್ತಕ್ಕೆ ತೆಗೆದ ಮಾದರಿಯಿಂದ ಈ ದೋಷ ಎಂದೂ ಸಿಗುವುದಿಲ್ಲ. ಉಬ್ಬರ ಇಳಿದ ಹೊತ್ತಿನ ಮಾದರಿ ಅದಾಗಿದ್ದರೆ ಎಲ್ಲ ಸರಿಯಿದೆ ಎಂದೇ ವರದಿ ಬರುತ್ತದೆ.

ಇಲ್ಲಿಯ ಕೊಳಚೆಯಲ್ಲಿ ಉಪ್ಪು ಸಹಜವಾಗಿ ಎಷ್ಟಿರಬೇಕು? ಒಬ್ಬ ಮನುಷ್ಯನಿಂದ ದಿನಕ್ಕೆ ಸುಮಾರು 8 ಗ್ರಾಂ ಕ್ಲೋರೈಡ್ ಚರಂಡಿ ಸೇರುತ್ತದೆ. ತಲೆಗೆ 135 ಲೀಟರ್ ನೀರು ಕೊಟ್ಟು, ಅದರ ಶೇ 80 ಒಳಚರಂಡಿಗೆ ಬಂತೆಂದರೆ 108 ಲೀಟರಿನಲ್ಲಿ 8 ಗ್ರಾಂ, ಅಂದರೆ ಲೀಟರಿಗೆ 74 ಮಿಲಿಗ್ರಾಂ. ತುಂಬೆಯಿಂದ ಬರುವ ನೇತ್ರಾವತಿಯ ನೀರಾಗಲಿ ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ನೀರಾಗಲಿ ಮೆದುನೀರು, ಅವುಗಳಿಂದ ಸೇರುವ ಕ್ಲೋರೈಡ್ ಅಲ್ಪ. ಆದ್ದರಿಂದ 80–100 ಇದ್ದರೆ ಸಹಜ. 300 ದಾಟಿದರೆ ಎಲ್ಲಿಂದ ಬಂತೆಂದು ಕೇಳಲೇಬೇಕು.

25 ಗಂಟೆ ಯಾಕೆಂದರೆ ನಮ್ಮ ಕಡಲಿನಲ್ಲಿ ಎರಡು ಉಬ್ಬರ, ಎರಡು ಇಳಿತ ಮುಗಿಯಲು 24 ಗಂಟೆ 50 ನಿಮಿಷ ಬೇಕು. ಎರಡು ಉಬ್ಬರಗಳೂ ಸಮ ಎತ್ತರದವಲ್ಲ, ಒಂದು ದೊಡ್ಡದು, ಒಂದು ಚಿಕ್ಕದು. ಹೀಗಾಗಿ ಸಮುದ್ರದಿಂದ ಬಂದ ಉಪ್ಪಿನ ಏರಿಕೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಸೋಮವಾರ ಬೆಳಿಗ್ಗೆ 6ಕ್ಕೆ ಕಂಡ ಏರಿಕೆ ಗುರುವಾರ ಎಂಟೂವರೆಯ ಹೊತ್ತಿಗೆ ಕಂಡರೆ ಅದು ಕಡಲಿನದು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಅದು ಅತಿ ಹೆಚ್ಚಿರುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ತಗ್ಗುತ್ತದೆ. ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತ ಪಟ್ಟಿಯ ಜೊತೆ ಹೋಲಿಸಿ. ಬಂದರಿನ ಸಮಯಕ್ಕೂ ಹೊಳೆಯೊಳಗಿನ ಉಬ್ಬರಕ್ಕೂ ಅಂತರವಿದೆ, ಅದರ ಮೇಲೆ ಕೊಳಚೆ ಪೈಪಿನಲ್ಲಿ ಹರಿದು, ವೆಟ್‌ವೆಲ್‌ನಲ್ಲಿ ನಿಂತು, ಘಟಕ ಮುಟ್ಟುವ ಹೊತ್ತನ್ನೂ ಸೇರಿಸಬೇಕು. ಅಂತರ ಮೂರು ಗಂಟೆಯಾದರೂ ಚಿಂತೆಯಿಲ್ಲ, ಅದು ದಿನವೂ ಅಷ್ಟೇ ಇರಬೇಕು.

ಏರಿಕೆ ದಿನವೂ ಒಂದೇ ಗಂಟೆಗೆ ಬಂದರೆ ಅದು ಮನುಷ್ಯರ ಕೆಲಸ. ಮೀನು ಸಂಸ್ಕರಿಸುವ ಕಡೆಯ ಉಪ್ಪುನೀರು, ಲಾಂಡ್ರಿ ಅಥವಾ ದೊಡ್ಡ ಹೋಟೆಲಿನ ಸಾಫ್ಟ್‌ನರ್ ತೊಳೆದ ನೀರು, ಮ್ಯಾನ್‌ಹೋಲಿಗೆ ಖಾಲಿ ಮಾಡಿದ ಟ್ಯಾಂಕರ್, ಇವೆಲ್ಲ ಗಡಿಯಾರ ನೋಡಿ ಬರುತ್ತವೆ. ಮೀನಿನ ನೀರಿಗೆ ಎಣ್ಣೆಜಿಡ್ಡು, ಅಮೋನಿಯ ಜೊತೆಗಿರುತ್ತವೆ, ಸಮುದ್ರದ ನೀರಿಗೆ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಏರಿಕೆ ನಿಂತರೆ ಅದೂ ಒಂದು ಸುಳಿವು. ಆದರೆ ಆಗ ಮಳೆಯೂ ಇರುವುದರಿಂದ ಅದೊಂದನ್ನೇ ನಂಬಬೇಡಿ. ಹಗಲಿರುಳು ಏರಿಳಿತವಿಲ್ಲದೆ ಒಂದೇ ಸಮ ಹೆಚ್ಚಿದ್ದರೆ ಬೇಸಿಗೆಯಲ್ಲಿ ನಲ್ಲಿನೀರು ಕಡಿಮೆಯಾಗಿ ಫ್ಲ್ಯಾಟುಗಳು ಸವುಳು ಬೋರ್‌ವೆಲ್ ನೀರು ಬಳಸುತ್ತಿರಬಹುದು. ಇದರಿಂದ ಕೆಸರಿಗೆ ಅಷ್ಟೇನೂ ಹಾನಿಯಿಲ್ಲ. ನಿಧಾನಕ್ಕೆ ಏರಿದ ಉಪ್ಪಿಗೆ ಕೆಸರು ಹೊಂದಿಕೊಳ್ಳುತ್ತದೆ. ಅದನ್ನು ಒಡೆಯುವುದು ಆರು ಗಂಟೆಗೊಮ್ಮೆ ಏರಿ ಇಳಿಯುವ ಉಪ್ಪು: ಜೀವಕೋಶಗಳ ಒಳಗೂ ಹೊರಗೂ ಒತ್ತಡ ತಪ್ಪಿ ಅವು ಒಡೆಯುತ್ತವೆ, ಸೋಡಿಯಂ ಹೆಚ್ಚಾಗಿ ಉಂಡೆಗಳನ್ನು ಕಟ್ಟಿ ಹಿಡಿಯುವ ಕ್ಯಾಲ್ಸಿಯಂ ಜಾಗ ಬಿಡುತ್ತದೆ. ಉಪ್ಪು ಇಳಿಯುವಾಗಲೂ ಇದೇ ಹಾನಿ ಇದೆ, ಹಾಗಾಗಿ ಜೂನ್ ಮೊದಲ ಮಳೆಗೆ ಕೆಲವು ಘಟಕಗಳು ಇದ್ದಕ್ಕಿದ್ದಂತೆ ಕದಡುತ್ತವೆ. ಕ್ಲಾರಿಫೈಯರ್‌ನಲ್ಲಿ ಇನ್ನೊಂದು ತೊಡಕೂ ಇದೆ: ಉಪ್ಪುನೀರು ಭಾರ. ಮೊದಲು ಬಂದ ಭಾರದ ನೀರು ಕೆಳಗೆ ನಿಂತಿರುವಾಗ ಹಿಂದಿನಿಂದ ಬಂದ ಹಗುರ ನೀರು ಮೇಲ್ಮೈಯಲ್ಲೇ ಜಾರಿ ನೇರ ವಿಯರ್ ಮುಟ್ಟುತ್ತದೆ.

ಕಂಡಕ್ಟಿವಿಟಿಯಿಂದ ಒಂದು ಅಂದಾಜು ಸಿಗುತ್ತದೆ: ಸಮುದ್ರದ ಉಪ್ಪಿನಿಂದ ಕ್ಲೋರೈಡ್ 1,000 ಮಿಲಿಗ್ರಾಂ ಏರಿದರೆ ಮೀಟರು ಸುಮಾರು 3,000 ಮೈಕ್ರೊಸೀಮೆನ್ಸ್ ಏರುತ್ತದೆ. ಖಚಿತವಾಗಿ ಬೇಕಿದ್ದರೆ ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡಿ. ಕೊಳೆತ ವಾಸನೆಯ ಮಾದರಿಗೆ ಮೊದಲು 1 ಮಿಲಿಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಲಕಿ, ಇಲ್ಲದಿದ್ದರೆ ಸಲ್ಫೈಡ್ ಕೂಡ ಕ್ಲೋರೈಡಿನ ಲೆಕ್ಕಕ್ಕೆ ಸೇರುತ್ತದೆ.

ತೂತು ಹುಡುಕುವುದು

ಮೊದಲು ನೋಡಬೇಕಾದದ್ದು ವೆಟ್‌ವೆಲ್‌ನ ತುರ್ತು ಓವರ್‌ಫ್ಲೋ ಪೈಪಿನ ಬಾಯಿಯಲ್ಲಿರುವ ಫ್ಲ್ಯಾಪ್ ವಾಲ್ವ್. ಕರೆಂಟು ಹೋಗಿ ಪಂಪು ನಿಂತಾಗ ಕೊಳಚೆ ಹೊರಹೋಗಲಿ, ಹೊಳೆಯ ನೀರು ಮಾತ್ರ ಒಳಬರದಿರಲಿ ಎಂದು ಇಟ್ಟ ಕಬ್ಬಿಣದ ಬಾಗಿಲು ಅದು. ಎರಡು ಕೀಲುಗಳಿಂದ ನೇತಾಡುತ್ತ ತನ್ನ ಭಾರದಿಂದಲೇ ಚೌಕಟ್ಟಿಗೆ ಒರಗಿ ಮುಚ್ಚಿಕೊಳ್ಳಬೇಕು. ಇಳಿತದ ಹೊತ್ತು ಟಾರ್ಚ್ ಹಿಡಿದು ಹೋಗಿ ನೋಡಿ. ಕೆಳತುಟಿಯ ಮುಂದೆ ಹೂಳು ಕಟ್ಟಿರುತ್ತದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ತೆಂಗಿನ ಸಿಪ್ಪೆಯೋ ಚಪ್ಪಟೆಯಾದ ನೀರಿನ ಬಾಟಲಿಯೋ ಸಿಕ್ಕಿಕೊಂಡಿರುತ್ತದೆ. ಚೌಕಟ್ಟಿನ ಅಂಚಿನಲ್ಲಿ ಮರುವಾಯಿ, ಚಿಪ್ಪುಗಳು ಬೆಳೆದು ಕಲ್ಲಾಗಿರುತ್ತವೆ. ಕೀಲಿನ ಪಿನ್ನು ತುಕ್ಕು ಹಿಡಿದು ಬಾಗಿಲು ಮೂರು ಬೆರಳು ತೆರೆದೇ ನಿಂತಿರುವುದೂ ಉಂಟು. ದೂರದಿಂದ ನೋಡಿದವರಿಗೆ ಅದು ಮುಚ್ಚಿದಂತೆಯೇ ಕಾಣುತ್ತದೆ.

ಆ ಸಂದು ಎಷ್ಟು ನೀರು ಬಿಡುತ್ತದೆ ಎಂದು ಲೆಕ್ಕ ಹಾಕಿ ನೋಡಿ. 40 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಸಂದು ಎಂದರೆ 200 ಚದರ ಸೆಂಟಿಮೀಟರ್. ಹೊರಗಿನ ನೀರು ಒಂದು ಅಡಿ ಎತ್ತರವಿದ್ದರೆ ಸೆಕೆಂಡಿಗೆ ಸುಮಾರು 29 ಲೀಟರ್, ಗಂಟೆಗೆ 105 ಘನಮೀಟರ್. ದಿನಕ್ಕೆ ಒಂದು ಕೋಟಿ ಲೀಟರ್ (10 ಎಂಎಲ್‌ಡಿ) ಬರುವ ಘಟಕದ ಸರಾಸರಿ ಹರಿವು ಗಂಟೆಗೆ 417 ಘನಮೀಟರ್. ಹೊಳೆಯ ನೀರಿನಲ್ಲಿ ಕ್ಲೋರೈಡ್ 15,000 ಇದ್ದರೆ ಎರಡೂ ಬೆರೆತು ಲೀಟರಿಗೆ 3,000 ಮಿಲಿಗ್ರಾಂ ದಾಟುತ್ತದೆ. ಪೂರಾ ಸಮುದ್ರದ ನೀರಿನಲ್ಲಿ 19,000 ಇರುತ್ತದೆ. ಒಂದು ತೆಂಗಿನ ಸಿಪ್ಪೆಯಿಂದ ಇಷ್ಟಾಗುತ್ತದೆ.

ಖಚಿತಪಡಿಸಿಕೊಳ್ಳಲು ರಾತ್ರಿ 2ರಿಂದ 4ರ ನಡುವೆ, ಮನೆಗಳ ಹರಿವು ಅತಿ ಕಡಿಮೆಯಿರುವಾಗ, ವೆಟ್‌ವೆಲ್‌ನಲ್ಲಿ ಜಾಗವಿದೆಯೆಂದು ನೋಡಿಕೊಂಡು ಪಂಪನ್ನು 10 ನಿಮಿಷ ನಿಲ್ಲಿಸಿ. 6 ಮೀಟರ್ ವ್ಯಾಸದ ವೆಟ್‌ವೆಲ್‌ನಲ್ಲಿ ಮಟ್ಟ 62 ಸೆಂಟಿಮೀಟರ್ ಏರಿದರೆ ಹದಿನೇಳೂವರೆ ಘನಮೀಟರ್, ಗಂಟೆಗೆ 105. ಇದನ್ನೇ ಉಬ್ಬರವಿರುವ ಒಂದು ರಾತ್ರಿ, ಇಳಿತವಿರುವ ಇನ್ನೊಂದು ರಾತ್ರಿ ಮಾಡಿ. ಎರಡರ ವ್ಯತ್ಯಾಸವೇ ಹೊಳೆಯಿಂದ ಬಂದದ್ದು.

ಫ್ಲ್ಯಾಪ್ ಸ್ವಚ್ಛಗೊಳಿಸಿದ ಮೇಲೆ ಚೌಕಟ್ಟಿನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಬಾಗಿಲು ಒತ್ತಿ ತೆರೆಯಿರಿ. ಗ್ರೀಸಿನ ಗುರುತು ಸುತ್ತಲೂ ಬಿಡದೆ ಮೂಡಿರಬೇಕು. ತಪ್ಪಿದಲ್ಲಿ ರಬ್ಬರ್ ಗ್ಯಾಸ್ಕೆಟ್ ಬದಲಿಸಿ. ಹೂಳು ಪದೇ ಪದೇ ಕಟ್ಟುವ ಜಾಗಕ್ಕೆ ಕಬ್ಬಿಣದ ಬಾಗಿಲಿಗಿಂತ ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ವಾಲ್ವ್ ಮೇಲು: ಕೀಲಿಲ್ಲ, ತುಕ್ಕಿಲ್ಲ, ಸಣ್ಣ ಕಸ ಸಿಕ್ಕಿದರೂ ಅದರ ಸುತ್ತ ಮುಚ್ಚಿಕೊಳ್ಳುತ್ತದೆ. ಅದು ಬರುವವರೆಗೆ ಬೇಸಿಗೆಯಲ್ಲಿ ಗಾಳಿ ತುಂಬುವ ಪ್ಲಗ್‌ನಿಂದ ಪೈಪು ಮುಚ್ಚಬಹುದು, ಆದರೆ ಜನರೇಟರ್ ಸುಸ್ಥಿತಿಯಲ್ಲಿರಬೇಕು. ಮಳೆಗಾಲಕ್ಕೆ ಮುಂಚೆ ಪ್ಲಗ್ ತೆಗೆಯಲೇಬೇಕು, ಇಲ್ಲದಿದ್ದರೆ ಮನೆಗಳ ಬಚ್ಚಲಿನಲ್ಲಿ ಕೊಳಚೆ ಮೇಲೇಳುತ್ತದೆ.

ಫ್ಲ್ಯಾಪ್ ಸರಿಯಿದ್ದೂ ಉಪ್ಪು ಬರುತ್ತಿದ್ದರೆ ವೆಟ್‌ವೆಲ್‌ನಿಂದ ಮೇಲಕ್ಕೆ ಹುಡುಕಿ. ಉಬ್ಬರದ ಹೊತ್ತು ಮ್ಯಾನ್‌ಹೋಲ್ ಮುಚ್ಚಳ ಸರಿಸಿ, ಹಗ್ಗಕ್ಕೆ ಕಟ್ಟಿದ ಕಂಡಕ್ಟಿವಿಟಿ ಮೀಟರಿನ ಪ್ರೋಬ್ ಇಳಿಸಿ ಅಳೆಯಿರಿ. ಸಾಲಾಗಿ ಹೋಗುವ ಅಗತ್ಯವಿಲ್ಲ, ಪ್ರತಿ ಸಲ ಉಳಿದ ಭಾಗದ ನಡುವಿನ ಮ್ಯಾನ್‌ಹೋಲ್ ತೆರೆದರೆ 16ರಲ್ಲಿ ನಾಲ್ಕನ್ನು ನೋಡುವಷ್ಟರಲ್ಲಿ ತೂತಿರುವ ಪೈಪಿನ ತುಂಡು ಸಿಗುತ್ತದೆ. ಉಪ್ಪು ಇರುವ ಮ್ಯಾನ್‌ಹೋಲಿಗೂ ಅದರ ಮೇಲಿನ ಉಪ್ಪಿಲ್ಲದ ಮ್ಯಾನ್‌ಹೋಲಿಗೂ ನಡುವೆ ತೂತಿದೆ. ತೋಡು ದಾಟುವ ಜಾಗ, ಹಳೆಯ ಸ್ಟೋನ್‌ವೇರ್ ಪೈಪಿನ ಜೋಡಣೆ, ದಡದ ಮ್ಯಾನ್‌ಹೋಲಿನ ಕಲ್ಲುಗೋಡೆ ಮೊದಲ ಸಂಶಯಕ್ಕೆ ಅರ್ಹ. ಅಲ್ಲಿಯ ಮನೆಯವರನ್ನೂ ಕೇಳಿ, ಯಾವ ಮುಚ್ಚಳ ಯಾವ ಹೊತ್ತಿಗೆ ನೀರಿನಡಿ ಹೋಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಯಾರೂ ಒಳಗೆ ಇಳಿಯಬಾರದು, ಯಾವ ಕಾರಣಕ್ಕೂ. ಸಮುದ್ರದ ನೀರು ಸೇರಿದ ಚರಂಡಿ ಬೇರೆ ಚರಂಡಿಗಿಂತ ಅಪಾಯಕಾರಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇದೆ. ಗಾಳಿಯಿಲ್ಲದ ಪೈಪಿನ ಲೋಳೆಯಲ್ಲಿ ಅದು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, 100 ಪಿಪಿಎಂ ದಾಟಿದ ಮೇಲೆ ಮೂಗು ಮರಗಟ್ಟಿ ಆ ವಾಸನೆಯೂ ತಿಳಿಯುವುದಿಲ್ಲ. ವಾಸನೆ ಇಲ್ಲ ಎಂದು ಇಳಿದವರು ಮೇಲೆ ಬರದಿರುವುದಕ್ಕೆ ಇದೇ ಕಾರಣ. ಒಳಚರಂಡಿಯ ಅಪಾಯಕಾರಿ ಶುಚಿಗೊಳಿಸುವ ಕೆಲಸಕ್ಕೆ ಜನರನ್ನು ಹಚ್ಚುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕ್ಯಾಮೆರಾ, ಜೆಟ್ಟಿಂಗ್ ಯಂತ್ರ, ಹಗ್ಗದ ಪ್ರೋಬ್ ಇರುವಾಗ ಇಳಿಯಬೇಕಾದ ಕೆಲಸವೇ ಇದರಲ್ಲಿಲ್ಲ. ಮುಚ್ಚಳ ತೆಗೆಯುವವರ ಎದೆಯ ಮೇಲೂ ಗ್ಯಾಸ್ ಡಿಟೆಕ್ಟರ್ ಇರಲಿ.

ಮಳೆಗಾಲದ ರೂಪ

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್–ಸೆಪ್ಟೆಂಬರಿನಲ್ಲಿ. ಹೊಳೆ ಬದಿಯ ತೂತಿನ ಜೊತೆಗೆ ತಾರಸಿ ಪೈಪು, ಅಂಗಳದ ನೀರು ಒಳಚರಂಡಿಗೆ ಸೇರುತ್ತವೆ. ರಸ್ತೆಯಲ್ಲಿ ನೀರು ನಿಂತಾಗ ಮ್ಯಾನ್‌ಹೋಲ್ ಮುಚ್ಚಳವನ್ನೇ ಎತ್ತಿ ಬಿಡುವವರೂ ಇದ್ದಾರೆ. ಆಗ ಕಂಡಕ್ಟಿವಿಟಿ ಏರುವ ಬದಲು ಇಳಿಯುತ್ತದೆ. 700 ಇದ್ದದ್ದು 250ಕ್ಕೆ ಬಂದರೆ ಬಂದ ನೀರಿನಲ್ಲಿ ಮುಕ್ಕಾಲು ಪಾಲು ಮಳೆಯದ್ದೇ ಇರಬಹುದು.

ಇಲ್ಲಿ ಅರಿಯಬೇಕಾದ ಲೆಕ್ಕ ಕ್ಲಾರಿಫೈಯರ್ ಮೇಲಿನ ಕೆಸರಿನ ಹೊರೆ. 22 ಮೀಟರ್ ವ್ಯಾಸದ ಎರಡು ಕ್ಲಾರಿಫೈಯರ್ ಇವೆ ಎನ್ನಿ, ಒಟ್ಟು 760 ಚದರಮೀಟರ್. ಒಳಹರಿವು 10 ಎಂಎಲ್‌ಡಿ, ಆರ್‌ಎಎಸ್ 7, ಎಂಎಲ್‌ಎಸ್‌ಎಸ್ 3,500 ಇದ್ದರೆ ಚದರಮೀಟರಿಗೆ ದಿನಕ್ಕೆ 78 ಕಿಲೋ. ನೆಮ್ಮದಿಯ ಅಂಕಿ. ಮಳೆಗೆ ಒಳಹರಿವು 25 ಆದರೆ 147 ಕಿಲೋ. ಕೆಸರು ಹೋಗುತ್ತಿದೆ ಎಂದು ಗಾಬರಿಯಾಗಿ ಆರ್‌ಎಎಸ್ ಅನ್ನು 15ಕ್ಕೆ ಏರಿಸಿದರೆ 184. ಹಿಂದಕ್ಕೆ ಎಳೆದಷ್ಟೂ ಕೆಸರು ಸುತ್ತಿಬಂದು ಕ್ಲಾರಿಫೈಯರ್ ಮೇಲೆಯೇ ಬೀಳುತ್ತದೆ. ಇದೇ ಘಟಕ ಮೇ ತಿಂಗಳಲ್ಲೇ ಕೆಸರು ಹೊರಹಾಕಿ 2,200ಕ್ಕೆ ಇಳಿಸಿಕೊಂಡಿದ್ದರೆ ಅದೇ ಮಳೆಗೆ, ಆರ್‌ಎಎಸ್ 7ರಲ್ಲೇ ಇದ್ದರೆ, 93 ಕಿಲೋ ಮಾತ್ರ. ಮಳೆ ಬಂದ ಮೇಲೆ ಕೆಸರು ಹೊರಹಾಕಿ ಪ್ರಯೋಜನವಿಲ್ಲ, ಕೆಸರು ಒಣಹಾಕುವ ಡ್ರೈಯಿಂಗ್ ಬೆಡ್ ಆಗ ಒಣಗುವುದೇ ಇಲ್ಲ.

ಮಳೆ ಜೋರಾಗಿರುವ ಎರಡು ಮೂರು ಗಂಟೆ ಏರೇಷನ್ ಟ್ಯಾಂಕಿನ ಕೊನೆಯ ಭಾಗದ ಗಾಳಿ ನಿಲ್ಲಿಸಿದರೆ ಕೆಸರು ಅಲ್ಲೇ ಅರೆಬರೆ ಕೂತು ಕ್ಲಾರಿಫೈಯರ್ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬೇಡ. ವಿಯರ್ ಒಂದೇ ಕಡೆ ತುಂಬಿ ಹರಿಯುತ್ತಿದ್ದರೆ ಮಟ್ಟ ತಪ್ಪಿದೆ, ಬೋಲ್ಟ್ ಸಡಿಲಿಸಿ ಸರಿಪಡಿಸಿ.

ಪಿಎಚ್ ಇಳಿದಾಗ

ಕಂಡಕ್ಟಿವಿಟಿ ಸಹಜವಾಗಿದ್ದೂ ನೀರು ಕದಡಿದ್ದರೆ ಏರೇಷನ್ ಟ್ಯಾಂಕಿನ ಪಿಎಚ್ ನೋಡಿ. ಜಂಬಿಟ್ಟಿಗೆ ನೆಲದ ನಮ್ಮ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಆದ್ದರಿಂದ ಕೊಳಚೆಯ ಕ್ಷಾರತೆಯೂ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಕಡಿಮೆ. ಒಂದು ಮಿಲಿಗ್ರಾಂ ಅಮೋನಿಯ ನೈಟ್ರೋಜನ್ ನೈಟ್ರೇಟ್ ಆಗಲು 7.14 ಮಿಲಿಗ್ರಾಂ ಕ್ಷಾರತೆ ಬೇಕು. 25 ಮಿಲಿಗ್ರಾಂ ಅಮೋನಿಯಕ್ಕೆ 178. ಒಳಬರುವ ನೀರಿನಲ್ಲಿ 150 ಮಾತ್ರ ಇದ್ದರೆ ಪಿಎಚ್ 6.5ಕ್ಕಿಂತ ಕೆಳಗೆ ಜಾರುತ್ತದೆ, ಕೆಸರು ಒಡೆಯುತ್ತದೆ, ಅಮೋನಿಯ ತೆಗೆಯುವ ಕೆಲಸವೂ ನಿಲ್ಲುತ್ತದೆ. ಗಾಳಿ ಹೆಚ್ಚಿಸಿದರೆ ನೈಟ್ರೇಟ್ ಇನ್ನೂ ಹೆಚ್ಚಾಗಿ ಪಿಎಚ್ ಮತ್ತಷ್ಟು ಇಳಿಯುತ್ತದೆ.

ಮೊದಲ ಮದ್ದು ಗಾಳಿ ಕೊಡದ ಅನಾಕ್ಸಿಕ್ ಟ್ಯಾಂಕ್. ನೈಟ್ರೇಟ್ ಒಡೆದಾಗ ಕಳೆದುಕೊಂಡ ಕ್ಷಾರತೆಯ ಅರ್ಧ, 3.57, ಖರ್ಚಿಲ್ಲದೆ ಮರಳುತ್ತದೆ. ಅಲ್ಲಿಯ ಮಿಕ್ಸರ್ ಓಡುತ್ತಿದೆಯೇ, ಮರುಹರಿವಿನ ಪಂಪು ಸರಿಯಿದೆಯೇ ನೋಡಿ. ಸಾಲದಿದ್ದರೆ ಸುಣ್ಣ: 10 ಎಂಎಲ್‌ಡಿಗೆ ಲೀಟರಿಗೆ 50 ಮಿಲಿಗ್ರಾಂ ಕ್ಷಾರತೆ ಸೇರಿಸಲು ಶುದ್ಧ ಅರಳಿದ ಸುಣ್ಣ ದಿನಕ್ಕೆ 370 ಕಿಲೋ, ಶೇ 80 ಶುದ್ಧತೆಯ ಅಂಗಡಿ ಸುಣ್ಣವಾದರೆ ಸುಮಾರು 460. ನೀರಿನಲ್ಲಿ ಕಲಸಿ ದಿನವಿಡೀ ಹನಿಸಬೇಕು, ಚೀಲ ಒಡೆದು ಒಮ್ಮೆಲೇ ಸುರಿಯಬಾರದು. ಕದಡಿದ ನೀರಿಗೆ ತಾತ್ಕಾಲಿಕವಾಗಿ ಆಲಂ ಹಾಕುವವರು ನೆನಪಿಡಬೇಕು, ಅದು ತನ್ನ ತೂಕದ ಸುಮಾರು ಅರ್ಧದಷ್ಟು ಕ್ಷಾರತೆಯನ್ನು ತಿನ್ನುತ್ತದೆ. ನಮ್ಮ ನೀರಿಗೆ ಲೀಟರಿಗೆ ಅರ್ಧ ಮಿಲಿಗ್ರಾಂ ಪಾಲಿಎಲೆಕ್ಟ್ರೊಲೈಟ್ (ಕಣಗಳನ್ನು ಒಟ್ಟುಗೂಡಿಸುವ ರಾಸಾಯನಿಕ) ವಾಸಿ, ಅದೂ ಜಾರ್ ಪರೀಕ್ಷೆಯ ನಂತರ.

ಸಿಒಡಿ ವರದಿ ನಂಬುವ ಮುನ್ನ

ಉಪ್ಪು ಬಂದ ದಿನ ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾದ ಆಮ್ಲಜನಕ) ಏರಿದೆ ಎಂದು ಪ್ರಯೋಗಾಲಯ ಹೇಳಿದರೆ ಮಾದರಿಯ ಕ್ಲೋರೈಡ್ ಎಷ್ಟಿತ್ತು, ಅದನ್ನು ತಡೆಯುವ ಮರ್ಕ್ಯುರಿಕ್ ಸಲ್ಫೇಟ್ ಎಷ್ಟು ಹಾಕಿದಿರಿ ಎಂದು ಕೇಳಿ. ತಡೆಯದೆ ಬಿಟ್ಟ ಒಂದು ಮಿಲಿಗ್ರಾಂ ಕ್ಲೋರೈಡ್ 0.226 ಮಿಲಿಗ್ರಾಂ ಸುಳ್ಳು ಸಿಒಡಿ ತೋರಿಸುತ್ತದೆ. 1,000ಕ್ಕೆ 226. ಮರ್ಕ್ಯುರಿಕ್ ಸಲ್ಫೇಟ್ ಕ್ಲೋರೈಡಿನ ಹತ್ತು ಪಟ್ಟು ತೂಕದಲ್ಲಿರಬೇಕು. ಕ್ಲೋರೈಡ್ 2,000 ದಾಟಿದ ಮಾದರಿಯನ್ನು ತೆಳು ಮಾಡದೆ ಪರೀಕ್ಷಿಸಿದರೆ ಆ ಅಂಕಿಗೆ ಬೆಲೆಯಿಲ್ಲ. ಬಿಒಡಿ (ಬ್ಯಾಕ್ಟೀರಿಯ ಕೊಳೆ ತಿನ್ನಲು ಬಳಸುವ ಆಮ್ಲಜನಕ) ಹಾಗೆಯೇ ಇದ್ದು ಸಿಒಡಿ ಮಾತ್ರ ಜಿಗಿದಿದ್ದರೆ ಮೊದಲು ಇದನ್ನೇ ಶಂಕಿಸಿ.

ತೂತು ಮುಚ್ಚಿದ ಮೇಲೆ

ಉಪ್ಪು ನಿಂತ ಕೂಡಲೇ ಕೆಸರು ಸರಿಹೋಗುವುದಿಲ್ಲ. ಕೆಸರು ಹೊರಹಾಕುವುದನ್ನು ಕಡಿಮೆ ಮಾಡಿ, ವಿಯರ್ ಮೇಲಿಂದ ಹೋದದ್ದೇ ಸಾಕಷ್ಟಿರುತ್ತದೆ. ಆಮ್ಲಜನಕ 2ರಿಂದ 3ರ ನಡುವೆ ನಿಲ್ಲಿಸಿ, ಹೆಚ್ಚು ಗಾಳಿಯ ರಭಸ ಹೊಸ ಉಂಡೆಗಳನ್ನೂ ಒಡೆಯುತ್ತದೆ. ಕದಡು ಕೆಲವು ದಿನಗಳಲ್ಲಿ ಇಳಿಯುತ್ತದೆ. ಅಮೋನಿಯ ಇಳಿಯಲು ಕೆಲವು ವಾರ ಬೇಕು, ಆ ಬ್ಯಾಕ್ಟೀರಿಯ ನಿಧಾನ ಬೆಳೆಯುವಂಥವು. ವೋರ್ಟಿಸೆಲ್ಲಾ ಮತ್ತೆ ಬಾಯಿ ತೆರೆದು ನಿಂತ ಮೇಲೆ ಕೆಸರು ಹೊರಹಾಕುವ ಪ್ರಮಾಣವನ್ನು ಮೊದಲಿನಂತೆ ಮಾಡಿ.

ಮುಂದಿನ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ ಮತ್ತೆ 25 ಗಂಟೆ ಕಂಡಕ್ಟಿವಿಟಿ ಅಳೆಯಿರಿ. ಅಷ್ಟಮಿಯ ದಿನ ಅಳೆದು ಸರಿಯಾಯಿತು ಎಂದು ಕಡತ ಮುಚ್ಚಬೇಡಿ. ಏರಿಕೆ ಅರ್ಧಕ್ಕೆ ಇಳಿದು ಉಳಿದರ್ಧ ಇನ್ನೂ ಬರುತ್ತಿದ್ದರೆ ಇನ್ನೊಂದು ತೂತಿದೆ, ಹೊಳೆ ಬದಿಯ ಮುಂದಿನ ವೆಟ್‌ವೆಲ್‌ನಿಂದ ಹುಡುಕಾಟ ಆರಂಭಿಸಿ.